49 ಡಿಗ್ರಿ ಯಾರ ಮೈಗೆ ತಾಗಿತು?

ಪ್ರಿಯ ಲೇಖಕರೇ,

ರಾಯಚೂರಿನ ಬೇಸಿಗೆಯನ್ನು ಉಪಗ್ರಹದ ಚಿತ್ರಗಳಲ್ಲಿ ಹುಡುಕಿದ ನಿಮ್ಮ ಬರಹ ಓದಿದೆ. ವಿಷಯ ಒಳ್ಳೆಯದು, ಭಾಷೆಯೂ ಸಲೀಸಾಗಿದೆ. ಆದರೆ ಎರಡನೇ ಪುಟದ ಒಂದು ಸಾಲು ದಾಟಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ: "ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಜನ 49 ಡಿಗ್ರಿಯಲ್ಲಿ ಬೆಂದರು ಎನ್ನುತ್ತದೆ ಲ್ಯಾಂಡ್‌ಸ್ಯಾಟ್."

ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾಗೆ ಹೇಳಿಲ್ಲ.

ಮೊದಲು 'ಮಧ್ಯಾಹ್ನ' ತೆಗೆಯಿರಿ. ನೀವು ಬಳಸಿದ ಲ್ಯಾಂಡ್‌ಸ್ಯಾಟ್ 8 ನಮ್ಮ ಕಡೆ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆಯ ಆಸುಪಾಸು, ಅದೂ 16 ದಿನಕ್ಕೊಮ್ಮೆ. ಇನ್ನು 'ಜನ'. 705 ಕಿಲೋಮೀಟರ್ ಮೇಲಿರುವ ಸೆನ್ಸರ್ ಹಿಡಿಯುವುದು ನೆಲ ಹೊರಸೂಸುವ ಶಾಖದ ಕಿರಣಗಳನ್ನು. ಅದರಿಂದ ಲೆಕ್ಕ ಹಾಕುವುದು ನೆಲದ ಮೇಲ್ಮೈಯ ಬಿಸಿ. ಏಪ್ರಿಲ್‌ನಲ್ಲಿ ಎರೆ ಹೊಲ ಖಾಲಿ ಇರುತ್ತದೆ, ಬಿರುಕು ಬಿಟ್ಟಿರುತ್ತದೆ, ಆವಿಯಾಗಿ ತಂಪು ಮಾಡಲು ಮೇಲೆ ನೀರಿನ ಪಸೆ ಇಲ್ಲ. ಆ ಮಣ್ಣು ಹತ್ತೂವರೆಗೇ 49 ಮುಟ್ಟಬಹುದು. ಅದೇ ಹೊಲದ ಬದುವಿನಲ್ಲಿ ನಿಂತವರ ಮೂಗಿಗೆ ತಾಗುವ ಗಾಳಿ ಅಷ್ಟು ಬಿಸಿ ಇರುವುದಿಲ್ಲ. ಜೊತೆಗೆ, ಆ ಸೆನ್ಸರಿನ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 100 ಮೀಟರ್ ಚೌಕ, ಸುಮಾರು ಎರಡೂವರೆ ಎಕರೆ. ಊರೊಳಗಾದರೆ ರಸ್ತೆ, ಬೇವಿನ ಮರ, ಮಾಳಿಗೆ ಎಲ್ಲ ಸೇರಿ ಒಂದೇ ಅಂಕಿ.

ನಾನು ಕೆಲಸ ಕಲಿತದ್ದು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ. ಹವಾಮಾನದ ನಾಲ್ಕು ಸಾಲಿನ ಸುದ್ದಿ ಬರೆದರೂ ಅಲ್ಲಿನ ಹಿರಿಯರು ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು: "ಎಲ್ಲಿ ಅಳೆದದ್ದು? ಎಷ್ಟು ಗಂಟೆಗೆ?" ಒಮ್ಮೆ ಹವಾಮಾನ ಕೇಂದ್ರಕ್ಕೇ ಕರೆದುಕೊಂಡು ಹೋದರು. ಹುಲ್ಲಿನ ಮೇಲೆ ನಾಲ್ಕು ಕಾಲಿನ ಬಿಳಿ ಮರದ ಪೆಟ್ಟಿಗೆ, ಸುತ್ತ ಗಾಳಿಯಾಡುವ ಪಟ್ಟಿಗಳು, ಬಾಗಿಲು ಉತ್ತರಕ್ಕೆ. ಥರ್ಮಾಮೀಟರಿಗೆ ಬಿಸಿಲು ಬೀಳಬಾರದು, ನೆಲದ ಕಾವು ತಾಗಬಾರದು. ಪತ್ರಿಕೆಯಲ್ಲಿ ಬರುವ ಡಿಗ್ರಿ ಆ ನೆರಳಿನ ಗಾಳಿಯದು. ಅದರ ಪಕ್ಕದಲ್ಲಿ ನಿಮ್ಮ 49 ಇಟ್ಟರೆ ಓದುಗ ಎರಡನ್ನೂ ಒಂದೇ ಅಂದುಕೊಳ್ಳುತ್ತಾನೆ, ಅಲ್ವಾ?

ಇನ್ನೊಂದು ಸಾಲು ನನಗೆ ನಿಜಕ್ಕೂ ಸಿಟ್ಟು ತರಿಸಿತು: "ಹೊಸ ತಗಡು ಹೊದಿಸಿದ ಗೋದಾಮು ನಕ್ಷೆಯಲ್ಲಿ ನೀಲಿ, ಅಂದರೆ ತಗಡು ತಂಪು." ಬಣ್ಣ ಬಳಿಯದ, ಹೊಳೆಯುವ ತಗಡು ಎಷ್ಟೇ ಕಾದರೂ ಶಾಖದ ಕಿರಣ ಹೊರಸೂಸುವುದು ತೀರಾ ಕಡಿಮೆ. ಮಣ್ಣು, ಎಲೆ, ನೀರು ಹಾಗಲ್ಲ, ಅವು ಚೆನ್ನಾಗಿ ಹೊರಸೂಸುತ್ತವೆ. ತಗಡು ಮೇಲಿನ ತಣ್ಣನೆಯ ಆಕಾಶವನ್ನೂ ಕನ್ನಡಿಯಂತೆ ತೋರಿಸುತ್ತದೆ. ಹೊರಸೂಸುವ ಗುಣದ ಈ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿಪಡಿಸದಿದ್ದರೆ ಸುಡುವ ತಗಡೂ ನೀಲಿಯಾಗಿಯೇ ಕಾಣುತ್ತದೆ. ಶೀಟಿನ ಮನೆಯಲ್ಲಿ ಬೇಸಿಗೆ ಕಳೆಯುವವರು ನಿಮ್ಮ ಸಾಲು ಓದಿದರೆ ಏನು ಅಂದುಕೊಂಡಾರು?

ಉಳಿದ ಪುಟಗಳ ಮಾತು ಆಮೇಲೆ. ಈ ಎರಡು ಭಾಗ ಮತ್ತೆ ಬರೆಯಿರಿ. ಪ್ರತಿ ಚಿತ್ರಕ್ಕೂ ತಾರೀಕು, ಗಂಟೆ ಹಾಕಿ. ಅದೇ ದಿನ ಹವಾಮಾನ ಕೇಂದ್ರ ಅಳೆದ ಗಾಳಿಯ ಉಷ್ಣತೆಯನ್ನೂ ಬೇರೆಯಾಗಿ ಕೊಡಿ. ಆ ಗೋದಾಮಿನ ಹಮಾಲರನ್ನೂ ಒಮ್ಮೆ ಮಾತಾಡಿಸಿ. ಬಂದ ಕೂಡಲೇ ಓದುತ್ತೇನೆ.

— ಸಂಪಾದಕ