ಲಂಕಾಷೈರ್ ಮೆಚ್ಚಿದ ಅಮೆರಿಕ

ಗದಗದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ನನ್ನ ಮೊಮ್ಮಗ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದಾನೆ. ಅವನ ಜೊತೆಯ ಹುಡುಗರು ಅಮೆರಿಕದವರನ್ನು ಆಡಿಕೊಳ್ಳುವುದೇ ಆಡಿಕೊಳ್ಳುವುದಂತೆ. ಗಟ್ಟಿ ಬಾಯಿ, ಬಂದೂಕು, ಬಡಾಯಿ ಅಂತ. ಆದರೆ ಕಿವಿಯಲ್ಲಿ ಇಡೀ ದಿನ ಅಮೆರಿಕದ ಹಾಡೇ. ಕೈತಪ್ಪಿ ಹೋದ ದೇಶವನ್ನು ಬ್ರಿಟಿಷರು ಮನಸಾರೆ ಮೆಚ್ಚುವುದುಂಟೇ? ಮೆಚ್ಚಿದರೂ ಅದು ಅಲ್ಲಿನ ದುಡ್ಡಿಗೆ, ತೋಳ್ಬಲಕ್ಕೆ ತಾನೇ?"

ಗುರುಗಳೇ, ನಮಸ್ಕಾರ. ಎರಡನೇ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಲ್ಲ. ಅಮೆರಿಕದ ದುಡ್ಡಿಗೆ, ಬಲಕ್ಕೆ ಬ್ರಿಟನ್ ಹೊಂದಿಕೊಂಡು ಹೋಗುತ್ತದೆ, ಅದು ನಿಜ. ಆದರೆ ಹೊಂದಿಕೊಳ್ಳುವುದು ಬೇರೆ, ಮೆಚ್ಚುವುದು ಬೇರೆ. ಮನಸಾರೆ ಮೆಚ್ಚಿದ್ದು ಏನನ್ನು ಅಂತ ತಿಳಿಯಬೇಕಾದರೆ, ಯಾವ ಬ್ರಿಟಿಷರು ಅಂತ ಮೊದಲು ಕೇಳಬೇಕು. ಲಂಡನ್ನಿನ ದೊಡ್ಡ ಮನೆತನದವರಿಗೆ ಬಹಳ ಕಾಲ ಅಮೆರಿಕ ಅಂದರೆ ನಯನಾಜೂಕಿಲ್ಲದವರ ದೇಶ. ಉತ್ತರದ ಗಿರಣಿ, ಗಣಿ, ಬಂದರುಗಳ ಜನಕ್ಕೆ ಹಾಗೆ ಅನಿಸಲಿಲ್ಲ. ಅವರು ಮೆಚ್ಚಿದ್ದು ಅಮೆರಿಕದ ಸಾಮಾನ್ಯ ಜನರನ್ನು. ಅದರಲ್ಲೂ, ಅಮೆರಿಕವೇ ಹಿಂದಿನ ಸಾಲಿಗೆ ತಳ್ಳಿದ್ದ ಕಪ್ಪು ಜನರನ್ನು. ನಿಮ್ಮ ಮೊಮ್ಮಗ ಇರುವ ಸೀಮೆಯೇ ಇದಕ್ಕೆ ಸಾಕ್ಷಿ.

ಮ್ಯಾಂಚೆಸ್ಟರಿನ ಸುತ್ತಲಿನ ಲಂಕಾಷೈರ್ ಬದುಕಿದ್ದು ಹತ್ತಿಯಿಂದ. ಆ ಹತ್ತಿಯಲ್ಲಿ ಬಹುಪಾಲು ಬರುತ್ತಿದ್ದುದು ಅಮೆರಿಕದ ದಕ್ಷಿಣದಿಂದ, ಗುಲಾಮರು ಬೆಳೆದು ಬಿಡಿಸಿದ್ದು. 1861ರಲ್ಲಿ ಅಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಅಧ್ಯಕ್ಷ ಲಿಂಕನ್ನರ ಸರ್ಕಾರಕ್ಕೂ ಅಂತರ್ಯುದ್ಧ ಶುರುವಾಯಿತು. ಲಿಂಕನ್ ಸರ್ಕಾರದ ಹಡಗುಗಳು ದಕ್ಷಿಣದ ಬಂದರುಗಳನ್ನು ಮುಚ್ಚಿಸಿದವು. ಲಂಕಾಷೈರಿನ ಗಿರಣಿಗಳು ಒಂದೊಂದಾಗಿ ನಿಂತವು. ಲಕ್ಷಗಟ್ಟಲೆ ಜನ ಗಂಜಿಗೆ ಕೈಯೊಡ್ಡುವ ಸ್ಥಿತಿಗೆ ಬಂದರು. ದಕ್ಷಿಣದ ಪರ ನಿಂತು, ಆ ದಿಗ್ಬಂಧನ ಒಡೆಯಿರಿ ಅಂತ ತಮ್ಮ ಸರ್ಕಾರವನ್ನು ಒತ್ತಾಯಿಸಿದ್ದರೆ ಅದು ಹೊಟ್ಟೆಯ ನ್ಯಾಯವೇ ಆಗುತ್ತಿತ್ತು. ಕೆಲವರು ಹಾಗೆ ಮಾಡಿದರು ಕೂಡ. ಲಿವರ್‌ಪೂಲಿನ ವ್ಯಾಪಾರಿಗಳಲ್ಲಿ ಬಹಳ ಮಂದಿ ದಕ್ಷಿಣದ ಕಡೆಗಿದ್ದರು. ಎದುರು ದಡದ ಬರ್ಕನ್‌ಹೆಡ್‌ನಲ್ಲಿ ದಕ್ಷಿಣದವರಿಗಾಗಿ ಯುದ್ಧದ ಹಡಗೇ ತಯಾರಾಯಿತು.

ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್‌ನಲ್ಲಿ ಸೇರಿದ ದುಡಿಯುವ ಜನ ಲಿಂಕನ್‌ಗೆ ಪತ್ರ ಬರೆದರು. ಗುಲಾಮಗಿರಿ ತೊಲಗಿಸುವ ಕೆಲಸದಲ್ಲಿ ನಾವು ನಿಮ್ಮ ಜೊತೆಗಿದ್ದೇವೆ ಅಂದರು. ಮರುದಿನವೇ ದಕ್ಷಿಣದ ಗುಲಾಮರು ಸ್ವತಂತ್ರರು ಅಂತ ಸಾರುವ ಲಿಂಕನ್ನರ ವಿಮೋಚನಾ ಘೋಷಣೆ ಜಾರಿಗೆ ಬರುವುದಿತ್ತು. ಜನವರಿ 19ರಂದು ಲಿಂಕನ್ ಉತ್ತರ ಬರೆದರು. ಯಾವ ಕಾಲದಲ್ಲೂ ಯಾವ ದೇಶದಲ್ಲೂ ಇದನ್ನು ಮೀರಿಸಿದ ಧೀರತನ ಇಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಫೆಬ್ರವರಿಯಲ್ಲಿ 'ಜಾರ್ಜ್ ಗ್ರಿಸ್‌ವೋಲ್ಡ್' ಎಂಬ ಹಡಗು ಅಮೆರಿಕದ ಜನ ಕಳಿಸಿದ ಹಿಟ್ಟಿನ ಪೀಪಾಯಿಗಳನ್ನು ಹೊತ್ತು ಲಿವರ್‌ಪೂಲಿಗೆ ಬಂತು. ಯುದ್ಧ ನಡೆಯುತ್ತಿದ್ದ ದೇಶದಿಂದ ಬಂದ ಹಿಟ್ಟು ಅದು.

ಇದರಲ್ಲಿ ನಿಮ್ಮ ಗದಗವೂ ಇದೆ. ಆಗಿನ ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಹತ್ತಿ ಬೆಳೆಸುತ್ತಿದ್ದರು. ನಮ್ಮ ರೈತರು ಅದನ್ನು ವಿಲಾಯತಿ ಹತ್ತಿ ಅಂದರು, ಊರಿನದನ್ನು ಜವಾರಿ ಹತ್ತಿ ಅಂದರು. ಅಮೆರಿಕದ ಹತ್ತಿ ನಿಂತಾಗ ಇದರ ಬೆಲೆ ಗಗನಕ್ಕೇರಿತು. ಧಾರವಾಡದ ಹತ್ತಿ ಸಾಗಿಸಲು ಕಾರವಾರ ಬಂದರು ಬೇಕು ಅಂತ ಮ್ಯಾಂಚೆಸ್ಟರಿನವರು ಹಟ ಹಿಡಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಹತ್ತಿಯೇ ಇತ್ತು. ಯುದ್ಧ ಮುಗಿದದ್ದೇ ಬೆಲೆ ಬಿತ್ತು. ಆ ಏಟು ತಿಂದ ಮನೆತನಗಳ ಕಥೆ ನನಗಿಂತ ನಿಮಗೆ ಜಾಸ್ತಿ ಗೊತ್ತಿರುತ್ತದೆ.

ಲಂಡನ್ನಿಗೂ ಮ್ಯಾಂಚೆಸ್ಟರಿಗೂ ಇರುವ ಅಂತರ ಎರಡು ವಿಗ್ರಹಗಳಲ್ಲಿ ಕಾಣುತ್ತದೆ. ಶಿಲ್ಪಿ ಜಾರ್ಜ್ ಗ್ರೇ ಬರ್ನಾರ್ಡ್ ಮಾಡಿದ ಲಿಂಕನ್ ವಿಗ್ರಹವನ್ನು ಲಂಡನ್ನಿನಲ್ಲಿ ಪಾರ್ಲಿಮೆಂಟ್ ಎದುರು ನಿಲ್ಲಿಸುವ ಮಾತಿತ್ತು. ಆ ಲಿಂಕನ್ ರಾಜಗಾಂಭೀರ್ಯದವನಲ್ಲ. ಕೊಡಲಿ ಹಿಡಿದು ದುಡಿದವನ ದೊಡ್ಡ ಕೈ, ದೊಡ್ಡ ಪಾದ. ಎರಡೂ ಕೈ ಹೊಟ್ಟೆಯ ಮೇಲೆ ಕಟ್ಟಿ ನಿಂತಿದ್ದಾನೆ. ಇದೆಂಥ ಅವಲಕ್ಷಣ ಅಂತ ಅಮೆರಿಕದಲ್ಲೇ ಗಲಾಟೆಯಾಯಿತು. ಲಿಂಕನ್ನರ ಮಗನೇ ಬೇಡ ಅಂದ. ಕೊನೆಗೆ ಲಂಡನ್ನಿಗೆ ಬೇರೆ ಶಿಲ್ಪಿಯ, ಕುರ್ಚಿಯ ಮುಂದೆ ಎದ್ದು ನಿಂತ ಘನವಾದ ಲಿಂಕನ್ ಹೋದ. ದುಡಿಮೆಗಾರ ಲಿಂಕನ್ 1919ರಲ್ಲಿ ಮ್ಯಾಂಚೆಸ್ಟರಿಗೆ ಬಂದ. ಸರಿಯಾದ ಊರಿಗೇ ಬಂದ ಅಂತ ನನ್ನ ಅಭಿಪ್ರಾಯ.

ಎರಡನೇ ಮಹಾಯುದ್ಧಕ್ಕೆ ಬರೋಣ. 1944ರ ನಾರ್ಮಂಡಿ ದಾಳಿಯ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು 15 ಲಕ್ಷ ಅಮೆರಿಕನ್ ಸೈನಿಕರಿದ್ದರು. ಸೈನ್ಯದಲ್ಲಿ ಬಿಳಿಯರ ತುಕಡಿಯೇ ಬೇರೆ, ಕಪ್ಪು ಜನರ ತುಕಡಿಯೇ ಬೇರೆ. ಲಂಕಾಷೈರಿನ ಪ್ರೆಸ್ಟನ್ ಹತ್ತಿರ ಬ್ಯಾಂಬರ್ ಬ್ರಿಡ್ಜ್ ಎಂಬ ಸಣ್ಣ ಊರಿದೆ. ಅಲ್ಲಿ ಕಪ್ಪು ಸೈನಿಕರ ಟ್ರಕ್ ತುಕಡಿ ಬೀಡುಬಿಟ್ಟಿತ್ತು. ಊರಿನ ಪಬ್ಬುಗಳಲ್ಲೂ ಬಣ್ಣಭೇದ ಪಾಲಿಸಬೇಕು ಅಂತ ಅಮೆರಿಕನ್ ಸೇನೆ ಕೇಳಿತು. ಆಯಿತು ಅಂದ ಮೂರು ಪಬ್ಬುಗಳು ಬಾಗಿಲಿಗೆ ಬೋರ್ಡು ಹಾಕಿದವು: ಕಪ್ಪು ಸೈನಿಕರಿಗೆ ಮಾತ್ರ ಪ್ರವೇಶ!

1943ರ ಜೂನ್ 24ರ ರಾತ್ರಿ ಅಲ್ಲಿನ ಓಲ್ಡ್ ಹಾಬ್ ಇನ್ ಪಬ್ಬಿನಲ್ಲಿ ಅಮೆರಿಕನ್ ಮಿಲಿಟರಿ ಪೊಲೀಸರು ಒಬ್ಬ ಕಪ್ಪು ಸೈನಿಕನನ್ನು ಹಿಡಿಯಲು ಹೋದರು. ಸಮವಸ್ತ್ರ ಸರಿ ಇಲ್ಲ, ರಜೆ ಚೀಟಿ ಇಲ್ಲ ಅಂತ ತಕರಾರು. ಪಬ್ಬಿನಲ್ಲಿದ್ದ ಊರಿನವರು, ಬ್ರಿಟಿಷ್ ಸೇನೆಯ ಹೆಣ್ಣುಮಕ್ಕಳು ಸೈನಿಕನ ಪರ ನಿಂತರು. ಜಗಳ ರಸ್ತೆಗೆ ಬಂತು, ಗುಂಡು ಹಾರಿದವು. ಬೆಳಗಾಗುವಷ್ಟರಲ್ಲಿ ವಿಲಿಯಂ ಕ್ರಾಸ್‌ಲ್ಯಾಂಡ್ ಎಂಬ ಕಪ್ಪು ಸೈನಿಕ ಸತ್ತಿದ್ದ. ದಂಗೆ ಎದ್ದರು ಅಂತ ಶಿಕ್ಷೆಯಾಗಿದ್ದು ಮಾತ್ರ ಕಪ್ಪು ಸೈನಿಕರಿಗೆ. ಆ ಊರಿನವರು ಇದನ್ನು ಮರೆತಿಲ್ಲ. ಪಬ್ಬಿನ ಎದುರು ಈಗ ಸ್ಮಾರಕದ ಪುಟ್ಟ ತೋಟವಿದೆ.

ಬ್ರಿಟನ್ನಿನಲ್ಲಿ ಬಣ್ಣಭೇದ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮನ್ನು ಆಳಿದ ಜನ ಅವರು, ಅದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಯುದ್ಧದ ನಂತರ ಕೆರಿಬಿಯನ್‌ನಿಂದ, ಭಾರತದಿಂದ ಹೋದವರಿಗೆ ಬಾಡಿಗೆ ಮನೆಯೇ ಸಿಗುತ್ತಿರಲಿಲ್ಲ. ನಾನು ಹೇಳುವುದು ಇಷ್ಟೇ. ಗಿರಣಿ ಊರುಗಳ ಜನಕ್ಕೆ ಮೇಲಿನವರ ದರ್ಪ ಅಂದರೇನು ಅಂತ ಗೊತ್ತಿತ್ತು. ಅದಕ್ಕೇ ಅವರ ಕಣ್ಣು ಅಮೆರಿಕದಲ್ಲಿ ಯಾರ ಕಡೆ ಹೋಗಬೇಕೋ ಅವರ ಕಡೆಗೇ ಹೋಯಿತು.

ಕಿವಿಯಲ್ಲಿ ಹಾಡು ಅಂದಿರಲ್ಲ, ಅದಕ್ಕೆ ಈಗ ಬರುತ್ತೇನೆ. 1964ರ ಮೇ 7. ಮ್ಯಾಂಚೆಸ್ಟರಿನ ವಿಲ್‌ಬ್ರಹಾಮ್ ರೋಡ್ ಎಂಬ ಮುಚ್ಚಿಹೋದ ರೈಲು ನಿಲ್ದಾಣ. ಗ್ರನಾಡಾ ಟಿವಿಯವರು ಅದನ್ನು ಅಮೆರಿಕದ ದಕ್ಷಿಣದ ಹಳ್ಳಿ ನಿಲ್ದಾಣದ ಹಾಗೆ ಸಿಂಗರಿಸಿದ್ದರು. ಆಡು, ಕೋಳಿಗಳನ್ನೂ ತಂದು ಬಿಟ್ಟಿದ್ದರು. ಇವತ್ತು ನೋಡಿದರೆ ಅದು ಮುಜುಗರ ತರುತ್ತದೆ, ನಿಜ. ಒಂದು ಪ್ಲಾಟ್‌ಫಾರ್ಮಿನಲ್ಲಿ ಮ್ಯಾಂಚೆಸ್ಟರಿನ ಹುಡುಗ ಹುಡುಗಿಯರು, ಹಳಿಯಾಚೆಯ ಪ್ಲಾಟ್‌ಫಾರ್ಮಿನಲ್ಲಿ ಹಾಡುಗಾರರು. ಕುದುರೆ ಗಾಡಿಯಲ್ಲಿ ಅಮೆರಿಕದ ಕಪ್ಪು ಗಾಯಕಿ ಸಿಸ್ಟರ್ ರೊಸೆಟ್ಟಾ ಥಾರ್ಪ್ ಬಂದಿಳಿದರು. ವಯಸ್ಸು 49, ಮೈಮೇಲೆ ಕೋಟು. ಮಳೆ ಸುರಿದಿತ್ತು. ಬಿಳಿ ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೆ ಹಾಕಿಕೊಂಡು, ಮಳೆಯ ಬಗ್ಗೆ ಇರುವ ದೇವರ ಹಾಡನ್ನೇ ಎತ್ತಿಕೊಂಡರು. ಆ ಚಿತ್ರೀಕರಣ ಉಳಿದಿದೆ. ಒದ್ದೆ ನೆಲ, ಆಕೆಯ ಬೆರಳು, ಎದುರು ಮಕ್ಕಳ ಚಪ್ಪಾಳೆ. ದಯವಿಟ್ಟು ಒಮ್ಮೆ ನೋಡಿ.

ಥಾರ್ಪ್ ಹುಟ್ಟಿದ್ದು ಆರ್ಕನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ. ಅವತ್ತು ಅಲ್ಲಿ ಹಾಡಿದ ಇನ್ನೊಬ್ಬರು ಮಡ್ಡಿ ವಾಟರ್ಸ್, ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ದುಡಿದವರು. ಹತ್ತಿ ನೂತ ಊರಿನ ಮಕ್ಕಳು, ಹತ್ತಿ ಬಿಡಿಸಿದವರ ಮಕ್ಕಳ ಹಾಡು ಕೇಳುತ್ತಿದ್ದರು. ಥಾರ್ಪ್ 1973ರಲ್ಲಿ ತೀರಿಕೊಂಡರು. ಫಿಲಡೆಲ್ಫಿಯಾದಲ್ಲಿ ಅವರ ಸಮಾಧಿಗೆ ಹೆಸರಿನ ಕಲ್ಲು ಬೀಳಲು ಮೂವತ್ತಕ್ಕೂ ಜಾಸ್ತಿ ವರ್ಷ ಬೇಕಾಯಿತು. ರಾಕ್ ಸಂಗೀತದ ಸಾಧಕರ ಪಟ್ಟಿಯಲ್ಲಿ ಅಮೆರಿಕ ಅವರ ಹೆಸರು ಸೇರಿಸಿದ್ದು 2018ರಲ್ಲಿ.

ಇಂಗ್ಲೆಂಡಿನ ರಾಕ್ ಸಂಗೀತದ ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಹೆಸರು ಸಿಕ್ಕಿದ್ದೇ ಮಡ್ಡಿ ವಾಟರ್ಸ್ ಅವರ ಹಾಡಿನಿಂದ. 1965ರ ಮೇನಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮಕ್ಕೆ ಆ ತಂಡವನ್ನು ಕರೆದಾಗ, ಜೊತೆಗೆ ಅಮೆರಿಕದ ಕಪ್ಪು ಗಾಯಕ ಹೌಲಿನ್ ವುಲ್ಫ್ ಅವರನ್ನೂ ಕರೆಯಿರಿ ಅಂತ ಪಟ್ಟು ಹಿಡಿದರು. ಐವತ್ತು ದಾಟಿದ ಆ ಹಿರಿಯ ಹಾಡುವಾಗ ಈ ಹುಡುಗರು ವೇದಿಕೆಯ ನೆಲದ ಮೇಲೆ ಕೂತು ಕೇಳಿದರು. ಅಮೆರಿಕದ ಮನೆಮನೆಗೆ ಅವರದ್ದೇ ಹಾಡುಗಾರನನ್ನು ಇಂಗ್ಲೆಂಡಿನ ಹುಡುಗರು ಪರಿಚಯಿಸಿದ ಹಾಗಾಯಿತು.

ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದದ್ದು ವಿಗನ್ ಊರಿನ ಕಥೆ. ಅದೂ ಲಂಕಾಷೈರಿನದೇ, ಕಲ್ಲಿದ್ದಲು ಮತ್ತು ಹತ್ತಿಯ ಊರು. 1973ರಿಂದ 1981ರವರೆಗೆ ಅಲ್ಲಿನ ಕ್ಯಾಸಿನೋ ಎಂಬ ಹಳೇ ನೃತ್ಯಶಾಲೆಯಲ್ಲಿ ವಾರಾಂತ್ಯದ ರಾತ್ರಿಯಿಡೀ ಕುಣಿತ. ಹೆಂಡ ಸಿಗುತ್ತಿರಲಿಲ್ಲ. ವಾರವಿಡೀ ಗಿರಣಿಯಲ್ಲಿ, ಗಣಿಯಲ್ಲಿ ಬೆವರಿದ ಹುಡುಗರು ದೂರದೂರದಿಂದ ಬರುತ್ತಿದ್ದರು. ಕಾಲು ಜಾರಲಿ ಅಂತ, ಕೇರಂ ಬೋರ್ಡಿಗೆ ಹಾಕುವ ಹಾಗೆ, ನೆಲಕ್ಕೆ ಪೌಡರ್ ಹಾಕುತ್ತಿದ್ದರು. ಬೆಳಗಿನವರೆಗೆ ಗಿರಗಿರ ಸುತ್ತುತ್ತಿದ್ದರು. ಹಾಡುಗಳು ಯಾವುವು? ಡೆಟ್ರಾಯಿಟ್, ಶಿಕಾಗೋಗಳಲ್ಲಿ 1960ರ ದಶಕದಲ್ಲಿ ರೆಕಾರ್ಡ್ ಆಗಿ, ಅಲ್ಲಿ ಯಾರೂ ಕೊಳ್ಳದೆ ಮೂಲೆ ಸೇರಿದ್ದವು! ಇಲ್ಲಿಯ ಡಿಜೆಗಳು ಅಮೆರಿಕದ ಗೋದಾಮುಗಳಿಗೆ ಹೋಗಿ, ಧೂಳು ಕೊಡವಿ, ಹುಡುಕಿ ತರುತ್ತಿದ್ದರು. ಬೇರೆ ಡಿಜೆ ನೋಡಿಬಿಟ್ಟಾನು ಅಂತ ರೆಕಾರ್ಡಿನ ಹೆಸರಿನ ಮೇಲೆ ಕಾಗದ ಅಂಟಿಸುತ್ತಿದ್ದರು. ಡೆಟ್ರಾಯಿಟ್‌ನ ಮೋಟೌನ್ ಕಂಪನಿ 1965ರಲ್ಲಿ ಬಿಡುಗಡೆಗೆ ಮೊದಲೇ ಕೈಬಿಟ್ಟ ಫ್ರ್ಯಾಂಕ್ ವಿಲ್ಸನ್ ಅವರ ಒಂದು ರೆಕಾರ್ಡಿದೆ. ಬೆರಳೆಣಿಕೆಯ ಪ್ರತಿ ಉಳಿದಿವೆ. ಅದರಲ್ಲೊಂದು 2020ರಲ್ಲಿ ಒಂದು ಲಕ್ಷ ಪೌಂಡಿಗೆ ಮಾರಾಟವಾಯಿತು. ಹಾಡು ಬಿಟ್ಟು ಬೇರೆ ಕೆಲಸ ಹಿಡಿದಿದ್ದ ಎಷ್ಟೋ ಅಮೆರಿಕನ್ ಗಾಯಕರಿಗೆ ವರ್ಷಗಳ ಮೇಲೆ ಇಂಗ್ಲೆಂಡಿನಿಂದ ಕರೆ ಬಂತು. ಬಂದು ನೋಡಿದರೆ ತುಂಬಿದ ಸಭೆಗೆ ಪ್ರತಿ ಸಾಲೂ ಬಾಯಿಪಾಠ. ದುಡ್ಡು, ತೋಳ್ಬಲ ಇಲ್ಲಿ ಎಲ್ಲಿದೆ ಹೇಳಿ?

ಸಂಗೀತ ಬಿಟ್ಟರೆ ಬ್ರಿಟಿಷರನ್ನು ಸೆಳೆದದ್ದು ಅಲ್ಲಿನ ಜನರ ಸಲುಗೆ. ಇಂಗ್ಲೆಂಡಿನಲ್ಲಿ ಬಾಯಿ ಬಿಟ್ಟರೆ ಸಾಕು, ಯಾವ ಮನೆ, ಯಾವ ಶಾಲೆ ಅಂತ ಉಚ್ಚಾರದಲ್ಲೇ ಅಳೆದುಬಿಡುತ್ತಾರೆ. ಅಮೆರಿಕದಲ್ಲಿ ಅದೇ ಉಚ್ಚಾರ ಸುಮ್ನೆ 'ಇಂಗ್ಲಿಷಿನವರದ್ದು', ಅಷ್ಟೇ. ಅಲ್ಲಿ ಹೋಗಿ ನೆಲೆಸಿದ ಸಾಮಾನ್ಯ ಮನೆಯ ಬ್ರಿಟಿಷರಿಗೆ ಇದು ದೊಡ್ಡ ಬಿಡುಗಡೆ. ಮ್ಯಾಂಚೆಸ್ಟರಿಗೆ ಅಂಟಿಕೊಂಡ ಸಾಲ್‌ಫರ್ಡ್‌ನಲ್ಲಿ 1908ರಲ್ಲಿ ಹುಟ್ಟಿದ ಅಲಿಸ್ಟೇರ್ ಕುಕ್ 1941ರಲ್ಲಿ ಅಮೆರಿಕದ ಪ್ರಜೆಯಾದರು. 1946ರಿಂದ 2004ರವರೆಗೆ, ಅಂದರೆ 58 ವರ್ಷ, ಬಿಬಿಸಿ ರೇಡಿಯೋದಲ್ಲಿ ಅಮೆರಿಕದ ಬಗ್ಗೆ ಮಾತಾಡಿದರು. ವಾಷಿಂಗ್ಟನ್ನಿನ ರಾಜಕೀಯ ಇರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಹವೆ, ಗಾಲ್ಫ್, ಹಬ್ಬ, ನೆರೆಯವರು. ಬ್ರಿಟನ್ನಿನ ಮನೆಗಳಿಗೆ ಅಮೆರಿಕದ ದಿನನಿತ್ಯದ ಬದುಕು ಹತ್ತಿರವಾದದ್ದು ಹೀಗೆ.

ಇನ್ನೊಂದು ಮೆಚ್ಚುಗೆ ಹೊಸ ತಲೆಮಾರಿನದು. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ ಚಿತ್ರ, ನಕ್ಷೆ, ವರದಿಗಳಿಗೆ ಅಲ್ಲಿ ಕಾಪಿರೈಟ್ ಇಲ್ಲ. ನಾಸಾ ಫೋಟೋಗಳನ್ನು ನಾವೆಲ್ಲ ಅಚ್ಚು ಹಾಕುವುದು ಅದಕ್ಕೇ. ಬ್ರಿಟನ್ನಿನಲ್ಲಿ ಸರ್ಕಾರಿ ನಕ್ಷೆಗಳಿಗೆ ಬೆಲೆ ತೆರಬೇಕಿತ್ತು. ಆ ಬೇಸರದಿಂದಲೇ 2004ರಲ್ಲಿ ಇಂಗ್ಲೆಂಡಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ, ಜನರೇ ಸೇರಿ ಮಾಡುವ ಉಚಿತ ನಕ್ಷೆ ಶುರುವಾಯಿತು. ಮಾಹಿತಿ ಹಕ್ಕಿನ ಕಾಯ್ದೆ ಅಮೆರಿಕದಲ್ಲಿ 1966ರಲ್ಲೇ ಬಂತು, ಬ್ರಿಟನ್ನಿನಲ್ಲಿ 2000ದಲ್ಲಿ.

ಮೆಚ್ಚದಿರುವುದೂ ಬೇಕಾದಷ್ಟಿದೆ. ನಿಮ್ಮ ಮೊಮ್ಮಗ ಕೇಳಿದ ಮಾತುಗಳಲ್ಲಿ ಸುಳ್ಳಿಲ್ಲ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 1996ರಲ್ಲಿ ಪುಟ್ಟ ಮಕ್ಕಳು ಗುಂಡಿಗೆ ಬಲಿಯಾದ ಮೇಲೆ ಬ್ರಿಟನ್ ಕೈಬಂದೂಕುಗಳನ್ನೇ ನಿಷೇಧಿಸಿತು. ಅಮೆರಿಕ ಅಂಥ ಹೆಜ್ಜೆ ಇಡದಿರುವುದು ಅವರಿಗೆ ಅರ್ಥವೇ ಆಗುವುದಿಲ್ಲ. ಆಸ್ಪತ್ರೆಯ ವಿಷಯದಲ್ಲಂತೂ ಮಾತೇ ಬೇಡ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಅವರ ಆರೋಗ್ಯ ಸೇವೆ 1948ರ ಜುಲೈ 5ರಂದು ಶುರುವಾದದ್ದು ಮ್ಯಾಂಚೆಸ್ಟರ್ ಪಕ್ಕದ ಡೇವಿಹುಲ್ಮ್‌ನ ಪಾರ್ಕ್ ಆಸ್ಪತ್ರೆಯಲ್ಲಿ. ಅಮೆರಿಕದ ಆಸ್ಪತ್ರೆ ಬಿಲ್ಲಿನ ಸುದ್ದಿ ಕೇಳಿದಾಗ ಆ ಜನಕ್ಕೆ ಬರುವ ಸಿಟ್ಟು ಪ್ರಾಮಾಣಿಕವಾದದ್ದು.

ಮೊಮ್ಮಗನಿಗೆ ರಜೆ ಇದ್ದಾಗ ಹೇಳಿ. ಲಿಂಕನ್ ವಿಗ್ರಹ ಊರ ನಡುವಿನ ಲಿಂಕನ್ ಸ್ಕ್ವೇರ್‌ನಲ್ಲಿದೆ, ಕೆಳಗಿನ ಕಲ್ಲಿನಲ್ಲಿ ಲಿಂಕನ್ ಬರೆದ ಆ ಉತ್ತರದ ಸಾಲುಗಳಿವೆ. ಥಾರ್ಪ್ ಹಾಡಿದ ನಿಲ್ದಾಣದ ಹಳಿ ಈಗಿಲ್ಲ. ಆ ದಾರಿ ಸೈಕಲ್ ದಾರಿಯಾಗಿದೆ, ಫ್ಯಾಲೋಫೀಲ್ಡ್ ಲೂಪ್ ಅಂತ ಹೆಸರು. ಗ್ರಿಸ್‌ವೋಲ್ಡ್ ಹಡಗಿನ ಹಿಟ್ಟಿನ ಪೀಪಾಯಿ ಒಂದು ರಾಚ್‌ಡೇಲ್ ವಸ್ತುಸಂಗ್ರಹಾಲಯದ ಬಳಿ ಉಳಿದಿದೆ, ಅಲ್ಲಿಗೆ ಟ್ರಾಮ್ ಹೋಗುತ್ತದೆ. ನೋಡಿಬಂದದ್ದನ್ನು ಅವನು ಬರೆದು ಕಳಿಸಿದರೆ ನಮ್ಮ ಪತ್ರಿಕೆಯಲ್ಲಿ ಜಾಗ ಇದೆ.

— ಸಂಪಾದಕ