ಅಕ್ಕಾದ ಬಂದರು ಕಟ್ಟಿದ್ದು ಯಾರು?

ನಮಸ್ಕಾರ. ಇಸ್ರೇಲಿನ ಅಕ್ಕಾ ಊರಿನ ಬಂದರು ಅರಬ್ಬರು ಕಟ್ಟಿದ್ದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. 'ಮರಳುಗಾಡಿನವರಿಗೆ ಕಡಲಿನ ಕೆಲಸ ಎಲ್ಲಿಂದ ಬರಬೇಕು? ಅದು ಕ್ರುಸೇಡರುಗಳದ್ದೇ ಇರಬೇಕು' ಎಂದು ನೀವು ಬರೆದಿದ್ದೀರಿ. (ಕ್ರುಸೇಡರುಗಳೆಂದರೆ ಜೆರುಸಲೇಮ್ ಗೆಲ್ಲಲು ಯುರೋಪಿನಿಂದ ಬಂದ ಕ್ರೈಸ್ತ ಯೋಧರು.) ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಬಂದರು ಅರಬ್ಬರಿಗಿಂತ ಎಷ್ಟೋ ಹಳೆಯದು. ಅವರು ಅದನ್ನು ರಿಪೇರಿ ಮಾಡಿ ಬೆಳೆಸಿದರು, ಅಷ್ಟೇ.

ನಿಮ್ಮ ಮಾತಿನಲ್ಲೂ ಅರ್ಧ ನಿಜವಿದೆ. ಮೊದಮೊದಲು ಅರಬ್ಬರಿಗೆ ಕಡಲೆಂದರೆ ಅಳುಕಿತ್ತು. ಸಿರಿಯಾ ನೋಡಿಕೊಳ್ಳುತ್ತಿದ್ದ ಮುಆವಿಯಾ ಕಡಲಿಗೆ ಇಳಿಯುತ್ತೇನೆಂದಾಗ ಖಲೀಫ ಉಮರ್ ಬೇಡವೆಂದರು. ಮುಂದಿನ ಖಲೀಫ ಉಸ್ಮಾನ್ ಒಪ್ಪಿದರು, ಆದರೆ ಹೆಂಡತಿಯನ್ನೂ ಕರೆದುಕೊಂಡು ಹೋಗಬೇಕೆಂದರು. ಅಪಾಯವಿಲ್ಲ ಅನ್ನುವವನು ಮನೆಯವರನ್ನೂ ಹತ್ತಿಸಲಿ, ಅಲ್ವಾ? 649ರಲ್ಲಿ ಮುಆವಿಯಾ ಅಕ್ಕಾದಿಂದಲೇ ಸೈಪ್ರಸ್‌ಗೆ ಹೊರಟರು, ಹೆಂಡತಿಯ ಜೊತೆಗೇ.

669ರ ಹೊತ್ತಿಗೆ ಬಡಗಿಗಳನ್ನು, ಕುಶಲಕರ್ಮಿಗಳನ್ನು ಸೇರಿಸಿ ಕರಾವಳಿಯಲ್ಲಿ ನೆಲೆಗೊಳಿಸಿದರು. ಅಕ್ಕಾದಲ್ಲಿ ಹಡಗುಕಟ್ಟೆ, ಅಂದರೆ ಹಡಗು ಕಟ್ಟುವ ಜಾಗ, ಶುರುವಾಯಿತು. ಅರಬ್ಬಿಯಲ್ಲಿ ಅದಕ್ಕೆ 'ದಾರ್ ಅಲ್ ಸಿನಾಅ'. ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಹೆಸರು ಇದೇ ಮಾತಿನಿಂದ ಬಂದದ್ದು. ಆಮೇಲೆ ಖಲೀಫ ಹಿಶಾಮ್‌ಗೆ ಅಕ್ಕಾದ ಕೆಲವು ಗಿರಣಿಗಳ ಮೇಲೆ ಕಣ್ಣು ಬಿತ್ತು. ಮಾಲೀಕ ಮಾರುವುದಿಲ್ಲ ಅಂದ. ಹಿಶಾಮ್ ಹಡಗುಕಟ್ಟೆಯನ್ನೇ ಎತ್ತಿ ಟೈರ್ ಊರಿಗೆ ಹಾಕಿಬಿಟ್ಟರು!

ನನಗೆ ಜಾಸ್ತಿ ಇಷ್ಟವಾದ ಕಥೆ ಇನ್ನೊಂದು ನೂರು ವರ್ಷಕ್ಕೂ ಈಚಿನದು. ಈಜಿಪ್ಟನ್ನು ಆಳುತ್ತಿದ್ದ ಅಹ್ಮದ್ ಇಬ್ನ್ ತುಲೂನ್‌ಗೆ ಟೈರ್‌ನಲ್ಲಿದ್ದಂಥ ಗೋಡೆ ಅಕ್ಕಾದ ಬಂದರಿನ ಸುತ್ತಲೂ ಬೇಕಿತ್ತು. ನೀರಿನೊಳಗೆ ಕಟ್ಟುವುದು ಯಾರಿಗೂ ಬರುತ್ತಿರಲಿಲ್ಲ. ಕೊನೆಗೆ ಜೆರುಸಲೇಮಿನಿಂದ ಅಬೂಬಕರ್ ಅಲ್ ಬನ್ನಾನನ್ನು ಕರೆಸಿದರು. ಬನ್ನಾ ಅಂದರೆ ಕಟ್ಟಡ ಕಟ್ಟುವವನು. ಅವನು ಕೇಳಿದ್ದು ಅತ್ತಿಯ ಜಾತಿಯ ಮರದ ದಪ್ಪ ತೊಲೆಗಳು. ಅವನ್ನು ನೀರಿನ ಮೇಲೆ ತೇಲಿಬಿಟ್ಟು, ಒಂದಕ್ಕೊಂದು ಬಿಗಿದು, ಮೇಲೆ ಕಲ್ಲು ಸುಣ್ಣ ಹಾಕಿ ಗೋಡೆ ಎಬ್ಬಿಸಿದ. ಐದು ವರಸೆಗೊಮ್ಮೆ ದೊಡ್ಡ ಕಂಬಗಳನ್ನು ಅಡ್ಡ ಕೊಟ್ಟ. ಭಾರಕ್ಕೆ ತೊಲೆಗಳು ಮುಳುಗುತ್ತಾ ಹೋಗಿ ಮರಳಿನ ಮೇಲೆ ಕೂತವು. ಆಮೇಲೆ ಒಂದು ವರ್ಷ ಸುಮ್ನೆ ಬಿಟ್ಟ. ಚೆನ್ನಾಗಿ ಕೂತ ಮೇಲೆ ಉಳಿದದ್ದನ್ನು ಕಟ್ಟಿದ. ರಾತ್ರಿ ಹಡಗುಗಳು ಒಳಗೆ ಬಂದ ಮೇಲೆ ಬಂದರಿನ ಬಾಗಿಲಿಗೆ ಅಡ್ಡ ಸರಪಳಿ. ಅವನಿಗೆ ಸಿಕ್ಕ ಇನಾಮು 1000 ದಿನಾರು.

ಇದನ್ನೆಲ್ಲ ಬರೆದವನು ಭೂಗೋಳಕಾರ ಅಲ್ ಮುಕದ್ದಸಿ, ಅಬೂಬಕರನ ಮೊಮ್ಮಗ. ತಾತನ ಹೊಗಳಿಕೆಯಲ್ಲಿ ಒಂಚೂರು ಉಪ್ಪು ಖಾರ ಬೆರೆತಿದ್ದರೂ ಇರಬಹುದು. ಆದರೆ ಸರಪಳಿಯನ್ನು 1047ರಲ್ಲಿ ಪರ್ಶಿಯಾದ ಪ್ರವಾಸಿ ನಾಸಿರ್ ಖುಸ್ರೋ ಕೂಡ ಕಂಡು ಬರೆದಿಟ್ಟಿದ್ದಾನೆ. ನೀವು ಹೇಳುವ ಕ್ರುಸೇಡರುಗಳು ಊರು ಹಿಡಿದದ್ದು 1104ರಲ್ಲಿ.