ರೂಬಾರ್ಬ್ ದಂಟು ಪುಂಡಿಯಲ್ಲ, ಅದರ ಎಲೆ ಪಲ್ಯವಲ್ಲ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಯ ಹಿತ್ತಲಿನಲ್ಲಿ ರೂಬಾರ್ಬ್ ಎಂಬ ಕೆಂಪು ದಂಟಿನ ಗಿಡವಿದೆ. ನಮ್ಮ ಪುಂಡಿಯಷ್ಟೇ ಹುಳಿಯಂತೆ. ದಂಟನ್ನು ಇಟ್ಟುಕೊಂಡು ಅಷ್ಟು ಅಗಲದ ಎಲೆಗಳನ್ನು ಬಿಸಾಡುತ್ತಾಳೆ. ಸೋಡಾ ಹಾಕಿ ಕುದಿಸಿದರೆ ಎಲೆಯ ಪಲ್ಯ ಮಾಡಬಹುದಲ್ಲವೇ? (ಓದುಗರು, ಸಿರುಗುಪ್ಪ)

ಮಾಡಬಾರದು. ನಿಮ್ಮ ಮಗಳು ಸರಿಯಾಗಿಯೇ ಬಿಸಾಡುತ್ತಿದ್ದಾಳೆ. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ ಬರುವುದರಿಂದ ಈ ಬಾರಿ ವಿವರವಾಗಿಯೇ ಬರೆಯುತ್ತಿದ್ದೇನೆ.

ಪುಂಡಿ ದಾಸವಾಳದ ಬಳಗದ್ದು. ಅದಕ್ಕೂ ರೂಬಾರ್ಬಿಗೂ ಹುಳಿಯೊಂದನ್ನು ಬಿಟ್ಟರೆ ಯಾವ ನಂಟೂ ಇಲ್ಲ. ನಿಜವಾದ ನೆಂಟ ನಮ್ಮ ಸಂತೆಯ ಹುಳಿಚಿಕ್ಕ, ಅಂದರೆ ಚುಕ್ಕೆ ಸೊಪ್ಪು. ಆದರೆ ಹುಳಿಚಿಕ್ಕದಲ್ಲಿ ಎಲೆಯನ್ನು ಉಣ್ಣುತ್ತೇವೆಂದು ಅದರ ನೆಂಟನಲ್ಲೂ ಎಲೆಯನ್ನೇ ಉಣ್ಣಲು ಹೊರಡುವುದು ತಪ್ಪು ಲೆಕ್ಕ. ರೂಬಾರ್ಬಿನ ಎಲೆಯಲ್ಲಿ ಆಕ್ಸಾಲಿಕ್ ಆಮ್ಲವಿದೆ, ಅದರ ಜೊತೆಗೆ ಹೊಟ್ಟೆಯನ್ನು ಕೆರಳಿಸುವ ಆಂಥ್ರಾಕ್ವಿನೋನ್ ಎಂಬ ಸಂಯುಕ್ತಗಳೂ ಇವೆ. ಪಾಲಕ್‌ನಲ್ಲಿಯೂ ಆಕ್ಸಲೇಟ್ (ಅಂದರೆ ಇದೇ ಆಮ್ಲದ ಲವಣ ರೂಪ) ಧಾರಾಳವಾಗಿರುವುದರಿಂದ, ವಿಷದ ಹೊಣೆಯನ್ನೆಲ್ಲ ಆಮ್ಲವೊಂದರ ಮೇಲೆಯೇ ಹೊರಿಸಲಾಗದು; ಹಾಗೆಂದು ಎಲೆ ನಿರಪಾಯಕಾರಿಯೆಂದೂ ಅಲ್ಲ. ಮೊದಲನೇ ಮಹಾಯುದ್ಧದ ಆಹಾರದ ಅಭಾವದಲ್ಲಿ, 1917ರ ಸುಮಾರಿಗೆ, ಬ್ರಿಟನ್ನಿನಲ್ಲಿ ಈ ಎಲೆಯನ್ನು ತರಕಾರಿಯಾಗಿ ಬಳಸಬಹುದೆಂದು ಜನರಿಗೆ ಸಲಹೆ ಕೊಡಲಾಗಿತ್ತು. ತಿಂದವರಲ್ಲಿ ಕೆಲವರು ಸತ್ತ ಮೇಲೆ ಆ ಸಲಹೆ ನಿಂತಿತು.

ಇನ್ನು ಸೋಡಾ. ಇದನ್ನು ಯಾರು ಹಬ್ಬಿಸಿದರೋ ತಿಳಿಯದು, ಆದರೆ ಇದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ. ಸೋಡಾದಿಂದ ನಾಲಿಗೆಗೆ ಹುಳಿ ಅಡಗುತ್ತದೆಯೇ ಹೊರತು ಆಕ್ಸಲೇಟ್ ಎಲ್ಲಿಗೂ ಹೋಗುವುದಿಲ್ಲ. ನೀರಿನಲ್ಲಿ ಕರಗುವ ಲವಣವಾಗಿ ಸಾರಿನಲ್ಲಿಯೇ ಉಳಿಯುತ್ತದೆ, ಎಚ್ಚರಿಸಬೇಕಾದ ಹುಳಿಯೂ ಇಲ್ಲದ್ದರಿಂದ ಉಣ್ಣುವವರು ಇನ್ನೊಂದು ತುತ್ತು ಹೆಚ್ಚೇ ಉಣ್ಣುತ್ತಾರೆ. ಕುದಿಸಿ ನೀರು ಬಸಿದರೆ ಒಂದಷ್ಟು ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ದಂಟು ಕೈಯಲ್ಲಿರುವಾಗ ಎಲೆಯ ಮೇಲೆ ಇಷ್ಟು ಆಸೆ ಯಾಕೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ದಂಟಿನ ಅಡುಗೆಗೆ ಬರೋಣ. ಎಲೆಯನ್ನು ಬುಡಸಮೇತ ಕತ್ತರಿಸಿ ತೆಗೆದು, ದಂಟನ್ನು ಬೆರಳಗಲದ ತುಂಡುಗಳಾಗಿ ಹೆಚ್ಚಿಕೊಳ್ಳಬೇಕು. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ ಇರುವುದರಿಂದ ಬೇರೆ ನೀರು ಹಾಕಬೇಕಾಗಿಲ್ಲ. ಸಣ್ಣ ಉರಿಯಲ್ಲಿ ಹತ್ತು ನಿಮಿಷದೊಳಗೆ ಮುದ್ದೆಯಾಗುತ್ತದೆ. ತೊಗರಿಬೇಳೆಯ ಜೊತೆ ಮಾಡುವುದಾದರೆ ಬೇಳೆಯನ್ನು ಮೊದಲು ಪೂರ್ತಿ ಬೇಯಿಸಿಕೊಂಡು, ಆಮೇಲೆಯೇ ದಂಟನ್ನು ಸೇರಿಸಬೇಕು, ಏಕೆಂದರೆ ಹುಳಿ ಮೊದಲೇ ಸೇರಿದರೆ ಬೇಳೆ ಎಷ್ಟು ಹೊತ್ತಾದರೂ ಕರಗುವುದಿಲ್ಲ. ಒಂದು ಲೋಟ ಬೇಳೆಗೆ ಇನ್ನೂರು ಗ್ರಾಂ ದಂಟು, ಒಂದು ತುಣುಕು ಬೆಲ್ಲ, ಬೆಳ್ಳುಳ್ಳಿ ಮತ್ತು ಒಣಮೆಣಸಿನಕಾಯಿಯ ಒಗ್ಗರಣೆ ಸಾಕು. ಹುಣಸೆಹಣ್ಣು ಬೇಡವೇ ಬೇಡ. ಜೋಳದ ರೊಟ್ಟಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಸ್ಟೀಲ್ ಪಾತ್ರೆಯನ್ನೋ ಮಣ್ಣಿನ ಗಡಿಗೆಯನ್ನೋ ಬಳಸಿ. ಜರ್ಮನ್ (ಅಲ್ಯೂಮಿನಿಯಂ) ಪಾತ್ರೆ, ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರ ಇವುಗಳನ್ನು ಹುಳಿ ತಿನ್ನುತ್ತದೆ.

ದಂಟಿನಲ್ಲಿಯೂ ಆಕ್ಸಲೇಟ್ ಇದೆ. ಊಟದ ಜೊತೆಗೆ ಮೊಸರಿದ್ದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದುಕೊಳ್ಳುವುದರಿಂದ ಮೂತ್ರಪಿಂಡಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ. ಆದರೂ ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರಿಗೆ ನಾನು ಇದನ್ನು ಬಡಿಸಲಾರೆ; ಬಳ್ಳಾರಿಯ ಬಿಸಿಲಿನಲ್ಲಿ ಬೆವರು ಸುರಿಸಿ ನೀರನ್ನು ಮರೆಯುವವರಿಗಂತೂ ಖಂಡಿತ ಬಡಿಸಲಾರೆ. ನನ್ನದು ಅತಿಯಾದ ಎಚ್ಚರಿಕೆ ಎನ್ನುವವರು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ.

ಪ್ರಶ್ನೆ: ಹಸಿರು ದಂಟು ಇನ್ನೂ ಬಲಿತಿಲ್ಲವೆಂದು ಅರ್ಥವೇ? (ಓದುಗರು, ಕೊಪ್ಪಳ)

ಅಲ್ಲ, ಬಣ್ಣ ತಳಿಯದ್ದು.

ಪ್ರಶ್ನೆ: ಆನ್‌ಲೈನಿನಲ್ಲಿ ಬೀಜ ತರಿಸಿದ್ದೇನೆ, ಕುಂಡದಲ್ಲಿ ಬೆಳೆಯುವುದೇ? (ಓದುಗರು, ಸಿಂಧನೂರು)

ಮೊಳೆಯಬಹುದು, ಬಾಳುವುದಿಲ್ಲ. ವರ್ಷವರ್ಷವೂ ಚಿಗುರಲು ಅದರ ಗಡ್ಡೆಗೆ ಕೊರೆಯುವ ಚಳಿಗಾಲ ಬೇಕು, ಸಿಂಧನೂರಿನಲ್ಲಿ ಅದು ಸಿಗುವುದಿಲ್ಲ. ಆ ಕುಂಡದಲ್ಲಿ ಹುಳಿಚಿಕ್ಕ ಹಾಕಿ.

ಪ್ರಶ್ನೆ: ರೂಬಾರ್ಬ್ ಎಂದರೆ ರೇವಲ್ಚಿನ್ನಿಯೇ ಎಂದು ಹೇಳಿ, ದಿನವೂ ಅದರ ಪುಡಿ ತಿಂದರೆ ಬೊಜ್ಜು ಕರಗುತ್ತದೆಂದು ಒಬ್ಬರು ಮಾರುತ್ತಿದ್ದಾರೆ. ತೆಗೆದುಕೊಳ್ಳಬಹುದೇ? (ಓದುಗರು, ಗಂಗಾವತಿ)

ಕುಲ ಒಂದೇ, ಆದರೆ ಅಡುಗೆಯದು ದಂಟು, ರೇವಲ್ಚಿನ್ನಿ ಹಿಮಾಲಯ ಮತ್ತು ಚೀನಾ ಕಡೆಯ ಜಾತಿಗಳ ಬೇರು. ಅದು ಭೇದಿ ಮಾಡಿಸಲು ಕೊಡುವ ಔಷಧ. ಭೇದಿಯಾದ ಮರುದಿನ ತಕ್ಕಡಿಯಲ್ಲಿ ಇಳಿಯುವುದು ನೀರು, ಬೊಜ್ಜಲ್ಲ. ದಿನವೂ ತಿನ್ನುವಂತೆ ಹೇಳುವವನಿಗೆ ಔಷಧವೂ ತಿಳಿದಿಲ್ಲ, ನಿಮ್ಮ ಹೊಟ್ಟೆಯೂ ತಿಳಿದಿಲ್ಲ. ಗರ್ಭಿಣಿಯರಂತೂ ಅದನ್ನು ಮುಟ್ಟಕೂಡದು.